ಟ್ರಾನ್ಸ್ ಪ್ರೈಡ್‌ಗೆ ಜನ ಮೂರು ಪಟ್ಟಾದರೆ ಮೊದಲು ಕೈಕೊಡುವುದು ಯಾವುದು?

ಹೊಸಹಾದಿ: ನಮಸ್ಕಾರ. ಪ್ರತಿ ವರ್ಷ ನಡೆಯುವ, ಟ್ರಾನ್ಸ್‌ಜೆಂಡರ್ ಜನರ ಹೆಮ್ಮೆಯ ಹಬ್ಬವಾದ ಟ್ರಾನ್ಸ್ ಪ್ರೈಡ್‌ಗೆ ಹೋದ ಸಲ 1,000 ಜನ, ಈ ಸಲ 3,000 ಅಂದಾಜು. 6 ಮೀಟರ್ ಅಗಲದ ರಸ್ತೆಯಲ್ಲಿ ಮೆರವಣಿಗೆ, ಕೊನೆಗೆ ಬೇಲಿ ಹಾಕಿದ ಮೈದಾನದಲ್ಲಿ ಸಭೆ, ಹಾಡು-ಕುಣಿತ. ಗೇಟು ಒಂದೇ, ಅಲ್ಲಿ 5 ಸಾಲಿನಲ್ಲಿ ಬ್ಯಾಗ್ ತಪಾಸಣೆ. ಸ್ವಯಂಸೇವಕರನ್ನೂ ಮೂರು ಪಟ್ಟು ಮಾಡಿದರೆ ಸಾಕಾ? ಫೋಟೊ, ಪ್ರಾಯೋಜಕರ ವಿಷಯದಲ್ಲೂ ತಕರಾರು ಎದ್ದಿದೆ.

ಹಗ್ಗಜಗ್ಗ: ಸಾಕಾಗಲ್ಲ. ಮೊದಲು ಕೈಕೊಡುವುದು ಗೇಟು. ಲೆಕ್ಕ ಹಾಕಿ ನೋಡಿ. ಒಬ್ಬೊಬ್ಬರಿಗೆ ಒಂದು ಚದರ ಮೀಟರ್ ಅಂತ ಹಿಡಿದರೆ ನಿಮ್ಮ ಮೆರವಣಿಗೆಯ ಉದ್ದ 500 ಮೀಟರ್. ನಿಮಿಷಕ್ಕೆ 40 ಮೀಟರ್ ನಡೆದರೆ ತುದಿಯಿಂದ ಬಾಲದವರೆಗೆ 12–13 ನಿಮಿಷದಲ್ಲಿ ಎಲ್ಲರೂ ಗೇಟಿನ ಮುಂದೆ. ಒಂದು ಬ್ಯಾಗಿಗೆ 15 ಸೆಕೆಂಡ್ ಆದರೆ 5 ಸಾಲಿನಿಂದ ನಿಮಿಷಕ್ಕೆ 20 ಜನ ಮಾತ್ರ ಒಳಗೆ. ಅಂದರೆ ಎರಡೂವರೆ ಗಂಟೆ! ಮುಂದಿನವರು ನಿಂತರೂ ಹಿಂದಿನವರು ನಡೆಯುತ್ತಲೇ ಇರುತ್ತಾರೆ, ಅಲ್ಲೇ ನೂಕುನುಗ್ಗಲು.

ಕೈಚೀಲ ಇಲ್ಲದವರಿಗೆ ಬೇರೆ ದಾರಿ ಬಿಡಿ, ಅವರು ನಿಲ್ಲದೆ ಹೋಗಬಹುದು. ಮೆರವಣಿಗೆಗೆ ಬಾರದವರಿಗೆ ಎರಡು ಗಂಟೆ ಮೊದಲೇ ಗೇಟು ತೆರೆಯಿರಿ. ಹೊರಹೋಗುವ ದಾರಿಗಳು ಮಾತ್ರ ಒಂದಕ್ಕಿಂತ ಹೆಚ್ಚು ಇರಲೇಬೇಕು, ಒಂದಕ್ಕೊಂದು ದೂರದಲ್ಲಿರಬೇಕು. ಸಮತಟ್ಟು ನೆಲದಲ್ಲಿ ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 82 ಜನ ಅನ್ನುವುದು ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಕೈಪಿಡಿಯ ಅಳತೆ. ಗೇಟಿನ ಪೂರ್ತಿ ಅಗಲವನ್ನಲ್ಲ, ಅತಿ ಇಕ್ಕಟ್ಟಾದ ಜಾಗವನ್ನು ಅಳೆಯಿರಿ. ಮಾರಾಟದ ಮೇಜು ಹೆಚ್ಚಾಗಿ ಬಂದು ಕೂರುವುದು ಅಲ್ಲೇ.

ನೀಲಿಗುಲಾಬಿ: ತಪಾಸಣೆಯ ಬಗ್ಗೆ ಇನ್ನೂ ಒಂದು ಮಾತು, ದಯವಿಟ್ಟು ಇದನ್ನು ಹಗುರವಾಗಿ ತಗೊಬೇಡಿ. ಗಂಡಸರ ಸಾಲು, ಹೆಂಗಸರ ಸಾಲು ಅಂತ ಮಾಡಿದರೆ ಯಾರಿಗಾಗಿ ಹಬ್ಬ ಮಾಡುತ್ತಿದ್ದೇವೋ ಅವರನ್ನೇ ಬಾಗಿಲಲ್ಲಿ ಅವಮಾನಿಸಿದಂತೆ. ಐದೂ ಸಾಲು ಎಲ್ಲರಿಗೂ ತೆರೆದಿರಲಿ. ಬ್ಯಾಗನ್ನು ಅದರ ಒಡೆಯರೇ ತೆರೆಯಲಿ, ತಪಾಸಣೆಯವರು ಟಾರ್ಚ್ ಹಾಕಿ ನೋಡಲಿ. ವಸ್ತುವನ್ನು ಎತ್ತಿ ಹಿಡಿದು "ಇದೇನು?" ಅನ್ನುವುದು ಬೇಡ. ಹಾರ್ಮೋನ್ ಇಂಜೆಕ್ಷನ್, ಸಿರಿಂಜ್ ಇರುತ್ತವೆ. ಅವನ್ನು ಕಿತ್ತುಕೊಳ್ಳಬಾರದು ಅಂತ ಭದ್ರತಾ ಏಜೆನ್ಸಿಯವರ ಒಪ್ಪಂದದಲ್ಲೇ ಬರೆಸಿ. ಬಳಸಿದ ಸೂಜಿಗೆ ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ ಗಟ್ಟಿ ಡಬ್ಬಿ ಇಡಿ.

ಅದೇ ಡೇರೆಯಲ್ಲಿ ಪರದೆ ಕಟ್ಟಿದ ಮೂಲೆ ಬೇಕು. ಬಿಸಿಲಲ್ಲಿ ಬೈಂಡರ್ (ಎದೆ ಚಪ್ಪಟೆಯಾಗಿ ಕಾಣಲು ತೊಡುವ ಬಿಗಿಯಾದ ಒಳಉಡುಪು) ಹಾಕಿ ನಡೆದವರಿಗೆ ಉಸಿರು ಕಟ್ಟಿದಂತಾಗುತ್ತದೆ. ಕೇಳಿ, ಒಪ್ಪಿದ ಮೇಲೆ ಮರೆಯಲ್ಲಿ ತೆಗೆಯಲು ಸಹಾಯ ಮಾಡಬೇಕು. ಗಂಡು ಹಾರ್ಮೋನಿನ ಪರಿಣಾಮ ತಗ್ಗಿಸಲು ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತಗೊಳ್ಳುವವರಿಗೆ ಮೂತ್ರ ಹೆಚ್ಚು, ಮೈಯಲ್ಲಿನ ನೀರು ಬೇಗ ಕಡಿಮೆಯಾಗುತ್ತದೆ. ಆದ್ದರಿಂದ ನೀರು ಮೈದಾನದಲ್ಲಷ್ಟೇ ಇದ್ದರೆ ಸಾಲದು, ದಾರಿಯ ನಡುವೆಯೂ ಇರಲಿ.

ಹೊಸಹಾದಿ: ಗೇಟಿನ ಲೆಕ್ಕ ನೋಡಿ ಗಾಬರಿಯಾಯಿತು, ಬದಲಿಸುತ್ತೇವೆ. ಫೋಟೊ ಬೇಡ ಅನ್ನುವವರಿಗೆ ಕೈಪಟ್ಟಿ ಕೊಡೋಣ ಅಂತಿದ್ದೇವೆ.

ಅಂಚುಪಟ್ಟಿ: ಕೈಪಟ್ಟಿ ಕ್ಯಾಮೆರಾಕ್ಕೆ ಕಾಣಲ್ಲ. ಕೈ ಕೆಳಗಿರುತ್ತದೆ, ಸಂಜೆಯಾದರೆ ಬಣ್ಣವೂ ತಿಳಿಯಲ್ಲ. ಎರಡು ಬೆರಳಗಲದ, ಕಣ್ಣಿಗೆ ಹೊಡೆಯುವ ಒಂದೇ ಬಣ್ಣದ ಕೊರಳಪಟ್ಟಿ ಕೊಡಿ. ಟ್ರಾನ್ಸ್ ಧ್ವಜದ ನೀಲಿ, ಗುಲಾಬಿ, ಬಿಳಿ ಬೇಡ, ಗುಂಪಿನಲ್ಲಿ ಕರಗಿಹೋಗುತ್ತದೆ. ನೇರಪ್ರಸಾರದ ಕ್ಯಾಮೆರಾ ಜನರ ಬೆನ್ನ ಹಿಂದಿನಿಂದ ವೇದಿಕೆಯತ್ತ ಇರಲಿ. ವೇದಿಕೆ ಮೇಲಿಂದ ಜನರತ್ತ ತಿರುಗಿಸಿದ ಒಂದೇ ಒಂದು ಶಾಟ್ ಸಾಕು, ಮನೆಯಲ್ಲಿ ಹೇಳಿಕೊಳ್ಳದವರ ಬದುಕು ಬೀದಿಗೆ ಬರುತ್ತದೆ.

ನೋಂದಣಿಯಲ್ಲಿ ಕರೆಯುವ ಹೆಸರೊಂದೇ ಸಾಕು. ದಾಖಲೆಯ ಹೆಸರು ಬೇಕಾಗುವುದು ವಿಮೆ, ಹಣಪಾವತಿಯಂಥ ಕಡೆ. ಅದನ್ನು ಬೇರೆ ಕಡತದಲ್ಲಿಟ್ಟು ಇಬ್ಬರ ಕೈಯಲ್ಲಷ್ಟೇ ಇರಿಸಿ. ಬ್ಯಾಡ್ಜ್ ಅಚ್ಚಾಗುವುದು ತಪ್ಪು ಕಾಲಮ್ಮಿನಿಂದಲೇ, ಎರಡೂ ಒಂದೇ ಕಡತದಲ್ಲಿದ್ದರೆ.

ಹಗ್ಗಜಗ್ಗ: ದುಡ್ಡಿನ ಮಾತು. ಖರ್ಚು ಜನರ ಜೊತೆ ಸಮನಾಗಿ ಏರಲ್ಲ, ಮೆಟ್ಟಿಲಿನಂತೆ ಏರುತ್ತದೆ. ಒಂದು ಹಂತ ದಾಟಿದ ಕೂಡಲೇ ರಸ್ತೆ ಬಂದ್, ಆಂಬ್ಯುಲೆನ್ಸ್, ಹೆಚ್ಚಿನ ವಿಮೆ ಎಲ್ಲ ಒಟ್ಟಿಗೇ ಬಂದು ಕೂರುತ್ತವೆ. ಲಂಡನ್ನಿನ ಟ್ರಾನ್ಸ್ ಪ್ರೈಡ್ 2019ರಲ್ಲಿ ಸುಮಾರು 1,500 ಜನರಿಂದ ಶುರುವಾಗಿ, ಆಯೋಜಕರ ಲೆಕ್ಕದಲ್ಲಿ 2025ಕ್ಕೆ 1 ಲಕ್ಷ ಮುಟ್ಟಿತು. ಬೆಳವಣಿಗೆ ಹೇಳಿ ಕೇಳಿ ಬರಲ್ಲ. ಒಬ್ಬ ಪ್ರಾಯೋಜಕರು ಕಾಲುಭಾಗಕ್ಕಿಂತ ಹೆಚ್ಚು ಕೊಡುವಂತಾಗಬಾರದು ಅನ್ನುವುದು ನನ್ನ ಅಭಿಪ್ರಾಯ. ಅವರು ಕೊನೇ ತಿಂಗಳಲ್ಲಿ ಹಿಂದೆ ಸರಿದರೂ ಹಬ್ಬ ನಿಲ್ಲಬಾರದು. ಮುಂದಿನ ಸಾಲು ಟ್ರಾನ್ಸ್ ಜನರದ್ದೇ, ಪ್ರಾಯೋಜಕರ ಬ್ಯಾನರ್ ಹಿಂದೆ. ದುಡ್ಡು ತಗೊಳ್ಳುವ ಮೊದಲೇ ಇದನ್ನು ಬರೆದುಕೊಳ್ಳಿ.

ನೀಲಿಗುಲಾಬಿ: ಬಟ್ಟೆ ಬದಲಿಸುವ ಕೋಣೆ, ಬ್ಯಾಗ್ ಇಡುವ ಜಾಗ ಮರೆಯಬೇಡಿ. ಮನೆಯಿಂದ ಬೇರೆ ಉಡುಪಿನಲ್ಲಿ ಬಂದವರು ಹೋಗುವಾಗ ಮತ್ತೆ ಅದನ್ನೇ ತೊಡಬೇಕು. ಸಭೆ ಮುಗಿಯುವ ಹೊತ್ತಿಗೆ ಅಲ್ಲಿ ಉದ್ದ ಸಾಲು. ದೀಪ ಆರಿಸುವ ಹೊತ್ತನ್ನು ಕಾರ್ಯಕ್ರಮ ಮುಗಿದ ಒಂದೂವರೆ ಗಂಟೆಯ ನಂತರಕ್ಕೆ ಇಡಿ, ಗುಂಪಾಗಿ ಬಸ್ ನಿಲ್ದಾಣದವರೆಗೆ ಬಿಡಲು ಆರೆಂಟು ಸ್ವಯಂಸೇವಕರನ್ನು ಆವರೆಗೂ ಉಳಿಸಿಕೊಳ್ಳಿ. ಬೆಳಗ್ಗೆಯಿಂದ ದುಡಿದವರನ್ನಲ್ಲ, ಸಂಜೆಗೇ ಬಂದವರನ್ನು.