ಲ್ಯಾಪ್‌ಟಾಪಿಗೆ ವಿಆರ್ ಹೆಡ್‌ಸೆಟ್ ಹಾಕಿದ್ರೆ ಬರೀ ಕತ್ತಲೆ

ಪ್ರಶ್ನೆ: ವೈರ್ ಇರೋ ಹಳೇ ವಿಆರ್ ಹೆಡ್‌ಸೆಟ್ ಒಂದು ಸೆಕೆಂಡ್ ಹ್ಯಾಂಡಲ್ಲಿ ತಗೊಂಡೆ, ಲ್ಯಾಪ್‌ಟಾಪಲ್ಲಿ ಎನ್ವಿಡಿಯಾದ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಇದೆ, ಎಚ್‌ಡಿಎಂಐ ಚುಚ್ಚಿದ್ರೆ ಲೈಟೇನೋ ಹತ್ತತ್ತೆ, ತಲೆ ತಿರುಗಿಸಿದ್ರೆ ಟ್ರ್ಯಾಕಿಂಗೂ ಆಗತ್ತೆ, ಆದ್ರೆ ಕಣ್ಮುಂದೆ ಏನೂ ಇಲ್ಲ. ಡ್ರೈವರ್ ಮೂರು ಸಲ ತೆಗೆದು ಹಾಕಿದೆ, ಸಾಕಾಗೋಯ್ತು.

ಉತ್ತರ: ಡ್ರೈವರ್ ಆಮೇಲೆ ನೋಡ್ಕೊಳ್ಳಿ ಗುರು. ಎಷ್ಟೋ ಲ್ಯಾಪ್‌ಟಾಪಲ್ಲಿ ಎಚ್‌ಡಿಎಂಐ ಪೋರ್ಟ್ ಹೋಗಿ ಸೇರೋದೇ ಪ್ರೊಸೆಸರ್ ಒಳಗಿನ ಗ್ರಾಫಿಕ್ಸಿಗೆ, ದುಡ್ಡು ಕೊಟ್ಟು ತಗೊಂಡ ಕಾರ್ಡಿಗಲ್ಲ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ಲಲ್ಲಿ ಫಿಸ್‌ಎಕ್ಸ್ ಪೇಜ್ ತೆಗೀರಿ, ಯಾವ ಪೋರ್ಟ್ ಯಾವ ಜಿಪಿಯು (ಗ್ರಾಫಿಕ್ಸ್ ಚಿಪ್) ಕೆಳಗಿದೆ ಅಂತ ಚಿತ್ರನೇ ಇರತ್ತೆ. ಎಚ್‌ಡಿಎಂಐ ಇಂಟೆಲ್ (ಅಂದ್ರೆ ಪ್ರೊಸೆಸರ್ ಗ್ರಾಫಿಕ್ಸ್) ಕೆಳಗಿದ್ರೆ ಟೈಪ್-ಸಿ ಪೋರ್ಟಲ್ಲಿ ಡಿಸ್‌ಪ್ಲೇಪೋರ್ಟ್ (ಅಂದ್ರೆ ಪಿಕ್ಚರ್ ಸಿಗ್ನಲ್) ಬರತ್ತಾ, ಬಂದ್ರೆ ಅದು ಯಾರ ಕೆಳಗೆ ಅಂತಾನೂ ನೋಡಿ.

ಇನ್ನೊಂದು ಉತ್ತರ: ಡ್ರೈವರ್ ತೆಗೆಯೋದಾದ್ರೆ ಸೇಫ್ ಮೋಡಲ್ಲಿ ಡಿಡಿಯು (ಡ್ರೈವರ್ ಪೂರ್ತಿ ಕಿತ್ತು ಹಾಕೋ ಸಾಫ್ಟ್‌ವೇರ್) ಹಾಕಿ ತೆಗೀರಿ, ಅದಕ್ಕೂ ಮುಂಚೆ ವೈಫೈ ಆಫ್ ಮಾಡಿ, ಇಲ್ಲಾಂದ್ರೆ ವಿಂಡೋಸ್ ತಾನೇ ಯಾವ್ದೋ ಹಳೇ ಡ್ರೈವರ್ ತಂದು ಕೂರಿಸತ್ತೆ. ಬ್ಯಾಟರಿ ಮೇಲೆ ಟೆಸ್ಟ್ ಮಾಡ್ಬೇಡಿ, ಚಾರ್ಜರ್ ಇರ್ಲಿ.

ಪ್ರಶ್ನೆ ಕೇಳಿದವರು: ಎಚ್‌ಡಿಎಂಐ ಇಂಟೆಲ್ ಕೆಳಗೇ ಇತ್ತು! ಟೈಪ್-ಸಿ ಮಾತ್ರ ಎನ್ವಿಡಿಯಾ ಕೆಳಗೆ. ತಮ್ಮನ ಮಾನಿಟರಿಂದ ಟೈಪ್-ಸಿ ಟು ಎಚ್‌ಡಿಎಂಐ ಅಡಾಪ್ಟರ್ ಕಿತ್ಕೊಂಡು ಬಂದು ಹಾಕಿದೆ, ಪಿಕ್ಚರ್ ಬಂತು. ಈಗ ಅವನು ಕೂಗಾಡ್ತಿದಾನೆ.