ಉಲುರು / ಉಲೂರು / ಉಳುರು: ಯಾವುದು ಸರಿ? ನಾಳೆ ಪ್ರಿಂಟಿಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಸ್ಕೂಲಿನ ಮಕ್ಕಳು ಆಸ್ಟ್ರೇಲಿಯಾದ ದೊಡ್ಡ ನಕ್ಷೆ ಮಾಡಿದ್ದಾರೆ. ಹೆಸರುಗಳ ಫ್ಲೆಕ್ಸ್ ನಾಳೆ ಬೆಳಗ್ಗೆ ಪ್ರಿಂಟಿಗೆ ಹೋಗಬೇಕು. ನಡುವಿನ ಆ ಕೆಂಪು ಬಂಡೆಯ ಹೆಸರು ಹೇಗೆ ಬರೆಯಲಿ? ಪರಮಟ್ಟ, ವಾಗ ವಾಗ ಎಂಬ ಊರುಗಳು ಕೂಡ ಇವೆ. ಒಂದೊಂದಕ್ಕೂ ಒಂದು ಸಾಲಿನ ಅರ್ಥ ಬೇಕು. ವಾಗ ವಾಗ ಅಂದರೆ ಕಾಗೆಗಳ ಊರು ಅಂತ ಎಲ್ಲೋ ಓದಿ ಮಕ್ಕಳು ಆಗಲೇ ಕಾಗೆ ಬಿಡಿಸಿ ಅಂಟಿಸಿದ್ದಾರೆ.

> ಆ ಕೆಂಪು ಬಂಡೆಯ ಹೆಸರು ಹೇಗೆ ಬರೆಯಲಿ?

ಉಲೂರು. ಚರ್ಚೆಯೇ ಬೇಡ. ಕೊನೆಯಲ್ಲಿರುವುದು ನಮ್ಮ 'ಊರು'. ದ್ರಾವಿಡ ನುಡಿಗೂ ಅಲ್ಲಿನ ಮೂಲನಿವಾಸಿಗಳ ನುಡಿಗೂ ಹೋಲಿಕೆ ಇದೆ ಅಂತ 19ನೇ ಶತಮಾನದ ಭಾಷಾತಜ್ಞ ಕಾಲ್ಡ್‌ವೆಲ್ ಕಾಲದಲ್ಲೇ ಬರೆದಾಗಿದೆ.

> ಕೊನೆಯಲ್ಲಿರುವುದು ನಮ್ಮ 'ಊರು'

ಖಂಡಿತ ಅಲ್ಲ. ಅಲ್ಲಿನ ಎಷ್ಟೋ ನುಡಿಗಳಲ್ಲಿ ಟ, ಣ, ಳ ಇವೆ, ಮಹಾಪ್ರಾಣ ಇಲ್ಲ. ಅದಕ್ಕೇ ನಮ್ಮ ಕಿವಿಗೆ ಹತ್ತಿರ ಅನಿಸುತ್ತೆ. ನಂಟು ಇದೆ ಅಂತ ಯಾರೂ ಸಾಬೀತು ಮಾಡಿಲ್ಲ. ಉಲುರು ಎನ್ನುವುದು ಆ ಬಂಡೆಯ ಸುತ್ತಲಿನ ಮೂಲನಿವಾಸಿಗಳಾದ ಅಣಂಗು ಜನರಿಗೆ ಬರೀ ಹೆಸರು, ಬೇರೆ ಅರ್ಥ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಅವರು ರಕಾರದ ಕೆಳಗೆ ಗೆರೆ ಎಳೆಯುತ್ತಾರೆ. ನಾಲಿಗೆ ಮಡಚಿ ಹೇಳಿ ಅಂತ ಅದರ ಗುರುತು. ಲಕಾರದ ಕೆಳಗೆ ಗೆರೆ ಇಲ್ಲ, ಹಾಗಾಗಿ ಳ ತಪ್ಪು. ಆ ಕೊನೆಯ ದನಿ ನಮ್ಮ ರ ಅಲ್ಲ. ತಮಿಳರು 'ವಾೞೈಪ್ಪೞಂ' (ಬಾಳೆಹಣ್ಣು) ಅನ್ನುವಾಗ ನಾಲಿಗೆ ತುದಿ ಹಿಂದಕ್ಕೆ ಮಡಚಿ, ಎಲ್ಲೂ ತಾಗದೆ ನಿಲ್ಲುತ್ತಲ್ವಾ, ಹೆಚ್ಚುಕಡಿಮೆ ಅದೇ. ಹಳಗನ್ನಡದ ೞ ಇದಕ್ಕೆ ಹೇಳಿ ಮಾಡಿಸಿದಂತಿದೆ. ಸಂಸ್ಕೃತಕ್ಕಾಗಿ ಋ, ಷ ಕಾಪಾಡಿಕೊಂಡು ನಮ್ಮದೇ ೞ ಬಿಟ್ಟೆವು.

> ೞ ಇದಕ್ಕೆ ಹೇಳಿ ಮಾಡಿಸಿದಂತಿದೆ

ೞ ಹೋಗಿ ಶತಮಾನಗಳಾದವು. ಮಕ್ಕಳು ಓದಲಾರರು. ಕನ್ನಡಕ್ಕೆ ಬಂದ ಹೆಸರು ಕನ್ನಡದ ಜಾಯಮಾನಕ್ಕೆ ಬಗ್ಗಲೇಬೇಕು.

> ಬಗ್ಗಲೇಬೇಕು

ಬೆಂಗಳೂರನ್ನು ಬ್ಯಾಂಗಲೋರ್ ಮಾಡಿದವರ ಮಾತೂ ಇದೇ. 12 ಊರುಗಳ ಹೆಸರು ಸರಿಪಡಿಸಲು ನಮಗೆ 2014ರವರೆಗೆ ಬೇಕಾಯಿತು. ಆ ಬಂಡೆಗೆ 1873ರಲ್ಲಿ ಏರ್ಸ್ ರಾಕ್ ಅಂತ ಹೆಸರಿಟ್ಟರು. 1993ರಲ್ಲಿ ಉಲುರು ಜೊತೆಗೆ ಸೇರಿತು, ಅದೂ ಎರಡನೆಯದಾಗಿ. ಮುಂದಕ್ಕೆ ಬಂದದ್ದು 2002ರಲ್ಲಿ. ಅಷ್ಟು ಕಷ್ಟಪಟ್ಟು ವಾಪಸ್ ಪಡೆದ ಹೆಸರಿಗೆ ನಾವು ಸುಮ್ನೆ ಒಂದು 'ಊರು' ಅಂಟಿಸೋದು ಬೇಡ. ೞ ಬೇಡ ಅಂದರೆ 'ಉಲುರು' ಸಾಕು, ದೀರ್ಘ ಮಾತ್ರ ಬೇಡ.

ಪರಮಟ್ಟ ಎಂಬ ಹೆಸರಿನಲ್ಲಿರುವುದು ಹಾವುಮೀನು, ಅಲ್ಲಿನ ಮೂಲನಿವಾಸಿಗಳ ದಾರುಗ್ ನುಡಿಯಲ್ಲಿ 'ಬರ್ರ'. ಅಲ್ಲಿನ ಜನ ಬರ್ರಮಟ್ಟಗಲ್. ಇಂಗ್ಲಿಷರ ಕಿವಿಯಲ್ಲಿ ಬ ಹೋಗಿ ಪ ಆಯಿತು. 'ಹಾವುಮೀನುಗಳ ಜಾಗ' ಅಂತ ಹಾಕಿ. ವಾಗ ವಾಗದ ಕಾಗೆ ಮಾತ್ರ ತೆಗೆಯಿರಿ. ಅದು ಕುಣಿತ ಅಂತ ಅಲ್ಲಿನ ಮೂಲನಿವಾಸಿಗಳಾದ ವಿರಾಜುರಿ ಜನ ಹೇಳುತ್ತಾ ಬಂದಿದ್ದರು, ಅಲ್ಲಿನ ನಗರಸಭೆ 2019ರಲ್ಲಿ ಒಪ್ಪಿಕೊಂಡಿತು. ನಾವು ಊರೂರು, ಮನೆಮನೆ ಅನ್ನುವ ಹಾಗೆ ಎರಡು ಸಲ ಹೇಳಿದರೆ ತುಂಬಾ ಅಂತ. ತುಂಬಾ ಕುಣಿತ, ಹಬ್ಬ.

> ಕಾಗೆ ಮಾತ್ರ ತೆಗೆಯಿರಿ

ತೆಗೆದೆವು. 'ಉಲುರು' ಅಂತಲೇ ಹಾಕಿದ್ದೇನೆ, ಅರ್ಥದ ಸಾಲಿನಲ್ಲಿ 'ಅಣಂಗು ಜನ ಇಟ್ಟ ಹೆಸರು'. ಕಾಗೆ ಕಿತ್ತ ಜಾಗದಲ್ಲಿ ಗೋಂದಿನ ಕಲೆ ಉಳಿದಿತ್ತು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಅದರ ಮೇಲೆಯೇ ಕುಣಿಯುವವರನ್ನು ಬಿಡಿಸುತ್ತಿದ್ದಾಳೆ.