ಕನ್ಸೋಲ್ ಕೈಗೆ ಬರುವ ಮುಂಚೆಯೇ ತೀರ್ಪು ಕೊಡುವುದು ಸರೀನಾ?

ಸೇವ್‌ಪಾಯಿಂಟ್:
ಹೊಸ ಕನ್ಸೋಲ್ (ವೀಡಿಯೊ ಗೇಮ್ ಆಡುವ ಮೆಷಿನ್) ಬರುತ್ತೆ ಅಂತ ಗಾಳಿಸುದ್ದಿ ಹುಟ್ಟಿದರೆ ಸಾಕು, ಅದರ ಹಣೆಬರಹವನ್ನು ಜನ ಅವತ್ತೇ ಬರೆದುಬಿಡುತ್ತಾರೆ. 2021ರ ನಿಂಟೆಂಡೊ ಕನ್ಸೋಲ್ ಸ್ವಿಚ್ ಓಎಲ್‌ಇಡಿ ನೆನಪಿದೆಯಾ? ಅದಕ್ಕೂ ಮುಂಚೆ ತಿಂಗಳುಗಟ್ಟಲೆ 'ಸ್ವಿಚ್ ಪ್ರೊ ಬರುತ್ತೆ, ಹೊಸ ಚಿಪ್ ಇರುತ್ತೆ, ಟಿವಿಗೆ ಹಾಕಿದರೆ 4ಕೆಯಷ್ಟು ಸ್ಪಷ್ಟ ಚಿತ್ರ' ಅಂತಲೇ ಮಾತು. ಜುಲೈನಲ್ಲಿ ನಿಂಟೆಂಡೊ ತೋರಿಸಿದ್ದು 7 ಇಂಚಿನ ಒಳ್ಳೆಯ ಪರದೆ, ಅಗಲವಾದ ಸ್ಟ್ಯಾಂಡ್, 64 ಜಿಬಿ ಸ್ಟೋರೇಜ್, ಟಿವಿಗೆ ಜೋಡಿಸುವ ಡಾಕ್‌ನಲ್ಲಿ ಲ್ಯಾನ್ ಪೋರ್ಟ್. ಚಿಪ್‌ನ ಶಕ್ತಿ ಮೊದಲಿನಷ್ಟೇ. ಕಂಪನಿ 4ಕೆ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆದರೂ ಕೊಟ್ಟ ಮಾತು ಮುರಿದರು ಅನ್ನುವ ಹಾಗೆ ಜನ ಸಿಟ್ಟಾದರು. ಇದು ನ್ಯಾಯವಾ?

ಚಿಪ್‌ಲೆಕ್ಕ:
ಲೀಕ್‌ಗೆ, ಅಂದರೆ ಕಂಪನಿ ಹೇಳುವ ಮುಂಚೆ ಸೋರುವ ಮಾಹಿತಿಗೆ ಯಾಕೆ ಬೈಯುತ್ತೀರಿ? ಎಷ್ಟೋ ಲೀಕ್ ನಿಜವಾಗಿರುತ್ತೆ. ಸೋನಿಯ ಪ್ಲೇಸ್ಟೇಷನ್ 5 (ಪಿಎಸ್5) ತಗೊಳ್ಳಿ. 2019ರ ಕೊನೆಯ ಹೊತ್ತಿಗೆ ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಿಂದ, ಅದರ ಚಿಪ್ ಮಾಡುವ ಎಎಂಡಿ ಕಂಪನಿಯ ಪರೀಕ್ಷೆಯ ಮಾಹಿತಿ ಹೊರಬಿತ್ತು, ಜಿಪಿಯುವಿನಲ್ಲಿ (ಗ್ರಾಫಿಕ್ಸ್ ಚಿಪ್) 36 ಕಂಪ್ಯೂಟ್ ಯೂನಿಟ್, ಕ್ಲಾಕ್ ಅಂದರೆ ಅದು ಓಡುವ ವೇಗ 2 ಗಿಗಾಹರ್ಟ್ಸ್ ಅಂತ. ಒಂದೊಂದು ಯೂನಿಟ್‌ನಲ್ಲಿ 64 ಶೇಡರ್ (ಲೆಕ್ಕ ಮಾಡುವ ಸಣ್ಣ ಘಟಕ), ಪ್ರತಿಯೊಂದೂ ಒಂದು ಸೈಕಲ್‌ಗೆ 2 ಲೆಕ್ಕ ಮಾಡುತ್ತೆ. ಗುಣಿಸಿ ನೋಡಿ, 9.2 ಟೆರಾಫ್ಲಾಪ್ಸ್, ಅಂದರೆ ಸೆಕೆಂಡಿಗೆ 9.2 ಲಕ್ಷ ಕೋಟಿ ಲೆಕ್ಕ. 2020ರ ಮಾರ್ಚ್‌ನಲ್ಲಿ ಪಿಎಸ್5 ವಿನ್ಯಾಸದ ಮುಖ್ಯಸ್ಥ ಮಾರ್ಕ್ ಸೆರ್ನಿ ವಿವರ ಕೊಟ್ಟಾಗ ಯೂನಿಟ್ ಅದೇ 36. ಕ್ಲಾಕ್ ಮಾತ್ರ 2.23ರವರೆಗೆ ಏರುತ್ತೆ ಅಂದರು, ಹಾಗಾಗಿ ಮೊತ್ತ 10.28 ಆಯಿತು. ಅಂದರೆ ಲೀಕ್ ಬಹುಪಾಲು ಸರಿಯೇ ಇತ್ತು ಅಲ್ವಾ?

ರಾತ್ರಿಗೂಬೆ:
@ಚಿಪ್‌ಲೆಕ್ಕ ನಿಮ್ಮ ಲೆಕ್ಕ ಸರಿ ಗುರು, ಆದರೆ ಆಮೇಲೆ ಏನಾಯಿತು ನೋಡಿ. 9.2 ತಲೆಯಲ್ಲಿ ಕೂತಿದ್ದರಿಂದ 10.28 ಅಂದಾಗ ಎಷ್ಟೋ ಜನ ನಂಬಲೇ ಇಲ್ಲ. 'ಇದು 9ರ ಮೆಷಿನ್, ಎಕ್ಸ್‌ಬಾಕ್ಸ್ ನೋಡಿ ಹೆದರಿ ಕ್ಲಾಕ್ ಏರಿಸಿದ್ದಾರೆ' ಅಂದರು. ಪ್ರತಿಸ್ಪರ್ಧಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 12 ಟೆರಾಫ್ಲಾಪ್ಸ್ ಅಂತ ಗೊತ್ತಿತ್ತು, ಅಲ್ಲಿಗೆ ಚರ್ಚೆ ಮುಗಿಯಿತು. ಸೆಕೆಂಡಿಗೆ 5.5 ಜಿಬಿ ಓದುವ ಎಸ್‌ಎಸ್‌ಡಿ ಸ್ಟೋರೇಜ್ ಬಗ್ಗೆ, ಕ್ಲಾಕ್ ಜಾಸ್ತಿಯಾದರೆ ಜಿಪಿಯುವಿನ ಉಳಿದ ಭಾಗಗಳೂ ಚುರುಕಾಗುತ್ತವೆ ಅಂತ ಸೆರ್ನಿ ಅದೇ ಮಾತಿನಲ್ಲಿ ಹೇಳಿದ್ದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನವೆಂಬರ್‌ನಲ್ಲಿ ಎರಡೂ ಬಂದವು. ಅಸ್ಯಾಸಿನ್ಸ್ ಕ್ರೀಡ್ ವಾಲ್ಹಲ್ಲಾ ಆಟವನ್ನು, ಇಂಥ ಅಳತೆ ಮಾಡುವ ಡಿಜಿಟಲ್ ಫೌಂಡ್ರಿ ತಂಡ ಅಳೆದಾಗ ಆರಂಭದಲ್ಲಿ ಪಿಎಸ್5ನಲ್ಲೇ ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು) ಹೆಚ್ಚು ಸ್ಥಿರವಾಗಿತ್ತು. ಆಗ ಅದನ್ನು ಒಪ್ಪೋಕೂ ಜನ ತಯಾರಿರಲಿಲ್ಲ, ಅಳತೆಯೇ ತಪ್ಪು ಅಂದರು. ನನಗೆ ನಿಜವಾಗಿ ಬೇಜಾರಾಗುವುದು ಇದಕ್ಕೇ. ಕಣ್ಣೆದುರು ಆಟ ಓಡುತ್ತಿದ್ದರೂ ಹಳೇ ನಂಬರ್ ಹಿಡಿದು ಕೂರುತ್ತೇವೆ.

ಹಳೇಕಾರ್ಟ್ರಿಡ್ಜ್:
ಇದು ಲೀಕ್ ಮಾಡುವವರು ಶುರು ಮಾಡಿದ್ದಲ್ಲ, ಕಂಪನಿಗಳೇ ಕಲಿಸಿಕೊಟ್ಟಿದ್ದು. 1999ರ ಮಾರ್ಚ್‌ನಲ್ಲಿ ಸೋನಿ ಪಿಎಸ್2 ವಿವರ ಬಿಟ್ಟಿತು. ಸೆಕೆಂಡಿಗೆ 6.6 ಕೋಟಿ ಪಾಲಿಗನ್ (ಚಿತ್ರ ಕಟ್ಟುವ ಸಣ್ಣ ಆಕಾರ) ಅಂತ ಒಂದು ನಂಬರ್. ಲೈಟಿಂಗ್, ಟೆಕ್ಸ್ಚರ್ ಏನೂ ಇಲ್ಲದ ಬರೀ ಲೆಕ್ಕ ಅದು, ನಿಜವಾದ ಆಟದಲ್ಲಿ ಅದರ ಹತ್ತಿರವೂ ಹೋಗೋಕೆ ಆಗಲ್ಲ. ಅಮೆರಿಕದಲ್ಲಿ ಸೆಗಾ ಕಂಪನಿಯ ಕನ್ಸೋಲ್ ಡ್ರೀಮ್‌ಕಾಸ್ಟ್ ಮಾರಾಟ ಶುರುವಾಗಿದ್ದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ. ಪಿಎಸ್2 ಅಲ್ಲಿಗೆ ಬರೋಕೆ ಇನ್ನೂ ಒಂದು ವರ್ಷ ಇತ್ತು. ಅಂಗಡಿಯಲ್ಲಿರುವ ಮೆಷಿನ್ ಬಿಟ್ಟು, ಕಾಗದದ ಮೇಲಿರುವ ಮೆಷಿನ್‌ಗೆ ಜನ ಕಾದರು. 2001ರ ಮಾರ್ಚ್‌ಗೆ ಡ್ರೀಮ್‌ಕಾಸ್ಟ್ ತಯಾರಿಕೆಯೇ ನಿಂತಿತು.

ಚಿಪ್‌ಲೆಕ್ಕ:
ಅಷ್ಟು ಸುಲಭವಾಗಿ ಹೇಳಬೇಡಿ ಸಾರ್. ಸೆಗಾ ಆ ಹೊತ್ತಿಗೆ ನಷ್ಟದಲ್ಲಿತ್ತು, ಹಿಂದಿನ ಕನ್ಸೋಲ್ ಸ್ಯಾಟರ್ನ್ ಕಾಲದಲ್ಲೇ ನಂಬಿಕೆ ಕಳೆದುಕೊಂಡಿತ್ತು. ದೊಡ್ಡ ಗೇಮ್ ಕಂಪನಿ ಇಎ ಡ್ರೀಮ್‌ಕಾಸ್ಟ್‌ಗೆ ಆಟವನ್ನೇ ಮಾಡಲಿಲ್ಲ. ಪಿಎಸ್2ನಲ್ಲಿ ಡಿವಿಡಿ ಬೇರೆ ಓಡುತ್ತಿತ್ತು. ಎಲ್ಲವನ್ನೂ ಒಂದು ನಂಬರ್ ತಲೆಗೆ ಕಟ್ಟಿದರೆ ಹೇಗೆ?

ಹಳೇಕಾರ್ಟ್ರಿಡ್ಜ್:
ಎಲ್ಲವನ್ನೂ ಕಟ್ಟಿಲ್ಲ. ಆದರೆ ಸಾಲದಲ್ಲಿದ್ದ ಕಂಪನಿಗೆ ಆ ಒಂದು ವರ್ಷವೇ ಮುಖ್ಯವಾಗಿತ್ತು. ಅದೇ ವರ್ಷ ಜನ 'ಕಾಯೋಣ' ಅಂದುಬಿಟ್ಟರು. 2005ರ ಕಿಲ್‌ಜೋನ್ ಆಟದ ಟ್ರೇಲರ್ ಕಥೆಯೂ ಅದೇ. ಪಿಎಸ್3 ಮೇಲೆ ಆಟ ಹೀಗೇ ಕಾಣುತ್ತೆ ಅಂತ ಎಲ್ಲರೂ ನಂಬಿದರು. ಅದು ಕನ್ಸೋಲ್ ಮೇಲೆ ಓಡಿದ್ದಲ್ಲ, ಮೊದಲೇ ರೆಂಡರ್ ಮಾಡಿಟ್ಟಿದ್ದ, ಅಂದರೆ ಚಿತ್ರ ರಚಿಸಿಟ್ಟಿದ್ದ ವೀಡಿಯೊ.

ಎರಡನೇಪ್ಲೇಯರ್:
ಕೊಳ್ಳುವವರ ಕಡೆಯಿಂದಲೂ ಸ್ವಲ್ಪ ಯೋಚಿಸಿ. ನನ್ನಂಥವಳು ಕನ್ಸೋಲ್ ತಗೊಳ್ಳುವುದು ವರ್ಷಗಳಿಗೊಮ್ಮೆ. 2024ರ ಮಾರ್ಚ್‌ನಲ್ಲಿ ಹೆಚ್ಚು ಶಕ್ತಿಯ ಮಾದರಿ ಪಿಎಸ್5 ಪ್ರೊ ದಾಖಲೆ ಲೀಕ್ ಆದಾಗ, ಆಗಷ್ಟೇ ಪಿಎಸ್5 ಕೊಳ್ಳಬೇಕು ಅಂತಿದ್ದವರಿಗೆ ಅದರಿಂದ ಉಪಕಾರವೇ ಆಯಿತು. ರೆಂಡರಿಂಗ್ ಪಿಎಸ್5ಗಿಂತ ಸುಮಾರು 45% ಹೆಚ್ಚು ವೇಗ ಅಂತ ಅದರಲ್ಲಿತ್ತು, ಸೆಪ್ಟೆಂಬರ್‌ನಲ್ಲಿ ಸೋನಿ ಹೇಳಿದ್ದೂ ಅದನ್ನೇ. ಲೀಕ್ ಬೇಡವೇ ಬೇಡ ಅನ್ನುವವರು, ಮಾಹಿತಿ ಇಲ್ಲದೆ ದುಡ್ಡು ಕೊಡಿ ಅಂತಲೇ ನಮಗೆ ಹೇಳಿದ ಹಾಗಾಯಿತು.

ರಾತ್ರಿಗೂಬೆ:
ಆದರೆ ಅದೇ ದಾಖಲೆಯಿಂದ ಜನ ಹೊತ್ತುಕೊಂಡು ತಿರುಗಿದ್ದು ಯಾವ ನಂಬರ್? 45% ಅಲ್ಲ, 33.5 ಟೆರಾಫ್ಲಾಪ್ಸ್! ಒಂದು ಸೈಕಲ್‌ನಲ್ಲಿ ಎರಡೆರಡು ಆದೇಶ ಒಟ್ಟಿಗೆ ಓಡುತ್ತವೆ ಅಂತ ಲೆಕ್ಕ ಹಿಡಿದರೆ ಬರುವ ಮೊತ್ತ ಅದು. ಮಾಮೂಲಿ ಲೆಕ್ಕದಲ್ಲಿ 16.7, ಮಾರಾಟಕ್ಕೆ ಬಂದಾಗ ಸೋನಿ ಕೊಟ್ಟಿದ್ದೂ ಅದೇ. ಮೆಷಿನ್ ಒಂದೇ, ಎಣಿಸುವ ರೀತಿ ಬೇರೆ. '33 ಅಂದಿದ್ದು 16ಕ್ಕೆ ಇಳಿಯಿತು' ಅಂತ ಕೊರಗುವವರಿಗೆ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಸಾಕುಸಾಕಾಗುತ್ತೆ.

ಸೇವ್‌ಪಾಯಿಂಟ್:
ಇನ್ನೊಂದು ವಿಷಯ. ನಿಜ ಗೊತ್ತಿರುವ ಡೆವಲಪರ್‌ಗಳು ಆ ಹೊತ್ತಿನಲ್ಲಿ ಬಾಯಿ ಬಿಡುವ ಹಾಗಿಲ್ಲ, ಗುಟ್ಟು ಕಾಯುತ್ತೇವೆ ಅಂತ ಸಹಿ ಹಾಕಿರುತ್ತಾರೆ. ಹಾಗಾಗಿ ಗೊತ್ತಿಲ್ಲದವರ ಮಾತೇ ಜಾಸ್ತಿ ಕೇಳಿಸುತ್ತೆ. 2016ರ ಡಿಸೆಂಬರ್‌ನಲ್ಲಿ ಸ್ವಿಚ್ ಜಿಪಿಯು ಕ್ಲಾಕ್ ಲೀಕ್ ಆಯಿತು, ಡಾಕ್‌ನಲ್ಲಿ 768 ಮೆಗಾಹರ್ಟ್ಸ್, ಕೈಯಲ್ಲಿ ಹಿಡಿದಾಗ 307.2. ನಂಬರ್ ನಿಜ. ಅದರಿಂದ ತೆಗೆದ ತೀರ್ಮಾನ ಮಾತ್ರ 'ಇದೂ ನಿಂಟೆಂಡೊದ ಹಿಂದಿನ ಕನ್ಸೋಲ್ ವೀ ಯು ಥರ ಮುಳುಗುತ್ತೆ' ಅಂತ. ಆ ಮೆಷಿನ್ 15 ಕೋಟಿಗೂ ಹೆಚ್ಚು ಮಾರಾಟವಾಯಿತು! ಬಸ್ಸಲ್ಲಿ ಆಡುತ್ತಿದ್ದ ಆಟವನ್ನು ಮನೆಗೆ ಬಂದು ಹಾಗೇ ಟಿವಿಯಲ್ಲಿ ಮುಂದುವರಿಸುವ ಖುಷಿ ಯಾವ ಮೆಗಾಹರ್ಟ್ಸ್‌ನಲ್ಲಿ ಕಾಣುತ್ತೆ ಹೇಳಿ.

ಚಿಪ್‌ಲೆಕ್ಕ:
ಒಪ್ಪುತ್ತೇನೆ, ಆದರೆ ಭಯ ನಿಜವಾದ ಉದಾಹರಣೆಯೂ ಇದೆ. ಎಕ್ಸ್‌ಬಾಕ್ಸ್‌ನ ಅಗ್ಗದ ಮಾದರಿ ಸೀರೀಸ್ ಎಸ್ ಬರುವಾಗ ಮೆಮೊರಿ 10 ಜಿಬಿ ಸಾಲದು ಅಂತ ಕೆಲವರು ಎಚ್ಚರಿಸಿದ್ದರು. ಉಳಿದವರೆಲ್ಲ 4 ಟೆರಾಫ್ಲಾಪ್ಸ್ ಹಿಡಿದು ಜಗಳ ಆಡುತ್ತಿದ್ದರು. 2023ರಲ್ಲಿ ಬಾಲ್ಡರ್ಸ್ ಗೇಟ್ 3 ಆಟ ಪಿಸಿಗೆ ಆಗಸ್ಟ್‌ನಲ್ಲಿ, ಪಿಎಸ್5ಗೆ ಸೆಪ್ಟೆಂಬರ್‌ನಲ್ಲಿ ಬಂತು. ಎಕ್ಸ್‌ಬಾಕ್ಸ್‌ಗೆ ಡಿಸೆಂಬರ್ ಆಯಿತು, ಅದೂ ಸೀರೀಸ್ ಎಸ್‌ನಲ್ಲಿ ಸ್ಪ್ಲಿಟ್‌ಸ್ಕ್ರೀನ್ (ಒಂದೇ ಪರದೆ ಹಂಚಿಕೊಂಡು ಇಬ್ಬರು ಆಡುವುದು) ಕೈಬಿಟ್ಟು.

ಎರಡನೇಪ್ಲೇಯರ್:
2025ರ ಅಪ್‌ಡೇಟ್‌ನಲ್ಲಿ ಅದೇ ಸೀರೀಸ್ ಎಸ್‌ಗೆ ಸ್ಪ್ಲಿಟ್‌ಸ್ಕ್ರೀನ್ ಕೊಟ್ಟರಲ್ಲ, ಅದನ್ನೂ ಸೇರಿಸಿ ಹೇಳಿ. ಮೆಮೊರಿ ಅಷ್ಟೇ ಇದೆ, ಆಟ ಮಾಡಿದ ಲೇರಿಯನ್‌ನವರು ಕೆಲಸ ಮಾಡಿ ಕೂರಿಸಿದರು. ಅದನ್ನು ಯಾವ ಲೀಕ್ ಮೊದಲೇ ಹೇಳೋಕೆ ಆಗುತ್ತಿತ್ತು?